ನಮ್ಮ ಅಡ್ಡಗೆರೆ ನಮಗೆ ಕೊಡಿ

ಆರೋಗ್ಯ ಕಾರ್ಡ್ ವಿಭಾಗದ ಮುಖ್ಯಾಧಿಕಾರಿಗಳಿಗೆ,
ವಿಜಯವಾಡ

ಮಾನ್ಯರೇ,

ನಿಮ್ಮ ವಿಭಾಗ ನನ್ನ ಅಕ್ಕನ ರಕ್ತದಿಂದ ಒಂದು ಅಡ್ಡಗೆರೆಯನ್ನು ಕಳೆದುಹಾಕಿದೆ. ಅದನ್ನು ಹಿಂದಕ್ಕೆ ಕೇಳಲು ಈ ಪತ್ರ. ಅಕ್ಕ ಪ್ರತೀಕ್ಷಾಳದು ಬಿ ನೆಗೆಟಿವ್. ಮೂರು ವರ್ಷಗಳ ಹಿಂದೆ ನಿಮ್ಮ ಅರ್ಜಿಯಲ್ಲಿ ಅವಳು 'ಬಿ' ಅಕ್ಷರದ ಪಕ್ಕದಲ್ಲಿ ಸಣ್ಣದೊಂದು ಅಡ್ಡಗೆರೆ ಎಳೆದು, ಲ್ಯಾಬಿನ ವರದಿಯನ್ನೂ ಲಗತ್ತಿಸಿದ್ದಳು. ನಿಮ್ಮ ಕಂಪ್ಯೂಟರಿಗೆ ಆ ಅಂಕಣದಲ್ಲಿ ಅಕ್ಷರ ಮಾತ್ರ ಹಿಡಿಸುತ್ತದೆ, ಚಿಹ್ನೆ ಹಿಡಿಸುವುದಿಲ್ಲ. ಗೆರೆಯನ್ನು ಅದು ಉದುರಿಸಿತು. ಆಮೇಲೆ, ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದೋ ಏನೋ, ಕಾರ್ಡ್ ಅಚ್ಚು ಮಾಡುವಾಗ ಎಲ್ಲರಿಗೂ ಒಂದೊಂದು ಕೂಡುವ ಚಿಹ್ನೆಯನ್ನು ಉದಾರವಾಗಿ ಹಂಚಿತು. ಹೀಗೆ ನನ್ನ ಅಕ್ಕ ಬಿ ಪಾಸಿಟಿವ್ ಆದಳು. ಅವಳ ನೆತ್ತರಿಗೆ ಮಾತ್ರ ಈ ಆದೇಶ ತಲುಪಿಲ್ಲ.

ಪತ್ರ ಕನ್ನಡದಲ್ಲಿ ಯಾಕೆ ಎಂದು ನೀವು ಕೇಳಬಹುದು. ಇಂಗ್ಲಿಷಿನಲ್ಲಿ ಎರಡು, ತೆಲುಗಿನಲ್ಲಿ ಒಂದು ಅರ್ಜಿ ಕೊಟ್ಟಾಯಿತು; ನಾಲ್ಕು ತಿಂಗಳಾದರೂ ಮೂರಕ್ಕೂ ಉತ್ತರವಿಲ್ಲ. ಓದದೆ ಇಡುವುದಕ್ಕೆ ಯಾವ ಭಾಷೆಯಾದರೇನು? ಹಾಗಿದ್ದರೆ ನನಗೆ ಚೆನ್ನಾಗಿ ಬರೆಯಲು ಬರುವ ಭಾಷೆಯಲ್ಲೇ ಬರೆಯುತ್ತೇನೆ. ಇನ್ನೊಂದು ಕಾರಣವೂ ಇದೆ. ನೀವು ಬಳ್ಳಾರಿ ಕಡೆಯವರೆಂದು ಯಾರೋ ಹೇಳಿದ ದಿನ ನಮ್ಮಪ್ಪನಿಗೆ ತುಂಬ ಸಮಾಧಾನವಾಗಿತ್ತು. ದಾವಣಗೆರೆಯಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ವಿಶಾಖಪಟ್ಟಣಕ್ಕೆ ಬಂದು ಹನ್ನೆರಡು ವರ್ಷವಾದರೂ 'ನಮ್ಮವರು' ಎಂಬ ಮಾತಿನಲ್ಲಿ ಅವರ ನಂಬಿಕೆ ಕರಗಿಲ್ಲ. "ನಮ್ ಕಡೆಯೋರಂತೆ ಕಣಮ್ಮ. ಕನ್ನಡದಾಗೆ ಒಂದ್ ಮಾತು ಹೇಳು, ಕೆಲ್ಸ ಆಗುತ್ತೆ" ಎಂದು ನನ್ನನ್ನು ವಿಜಯವಾಡದ ರೈಲಿಗೆ ಹತ್ತಿಸಿದವರು ಅವರೇ. ಆ ಒಂದು ಮಾತು ಏನಾಯಿತೆಂಬುದಕ್ಕೆ ಆಮೇಲೆ ಬರುತ್ತೇನೆ.

ಒಂದು ಗೆರೆ ಹೋದರೆ ಏನಾಗುತ್ತದೆ? ಎರಡು ವರ್ಷದ ಹಿಂದೆ ಅಕ್ಕನಿಗೆ ಮೂರೂವರೆ ತಿಂಗಳ ಗರ್ಭ ನಿಲ್ಲಲಿಲ್ಲ. ಮಧುರವಾಡದಲ್ಲಿ ಮನೆಯ ಹತ್ತಿರದ ಸಣ್ಣ ನರ್ಸಿಂಗ್ ಹೋಮಿಗೆ ಭಾವ ತಿರುಮಲೇಶ್ ಅವಳನ್ನು ಕರೆದುಕೊಂಡು ಓಡಿದರು. ಅಲ್ಲಿಯ ನರ್ಸ್ ರಕ್ತದ ಗುಂಪು ಕೇಳಿದಾಗ ಅಕ್ಕ ಉತ್ತರ ಹೇಳುವ ಸ್ಥಿತಿಯಲ್ಲಿರಲಿಲ್ಲ. ಭಾವ ಗಾಬರಿಯಲ್ಲಿ ನಿಮ್ಮ ಕಾರ್ಡನ್ನು ಮುಂದಿಟ್ಟರು. ಸರ್ಕಾರಿ ಮೊಹರಿನಷ್ಟೇ ಗಂಭೀರವಾಗಿ ಮಿಂಚುವ ಕಾರ್ಡು. ಬಿ ಪಾಸಿಟಿವ್ ಎಂದು ಬರೆದುಕೊಂಡರು, ಅಕ್ಕನನ್ನು ಮತ್ತೆ ಕೇಳದೆಯೇ ಮರುದಿನ ಮನೆಗೆ ಕಳಿಸಿದರು. ಅವರು ಪರೀಕ್ಷೆ ಮಾಡಿ ನೋಡಬೇಕಿತ್ತು, ನಿಜ. ಅದು ಅವರ ತಪ್ಪು, ಅವರೊಂದಿಗೆ ಬೇರೆ ಜಗಳವಿದೆ. ಆದರೆ ನಂಬಿ ಎಂದು ಕಾರ್ಡ್ ಕೊಟ್ಟವರು ನೀವು. ನೆಗೆಟಿವ್ ಎಂದು ಗೊತ್ತಿದ್ದರೆ ಮೂರು ದಿನದೊಳಗೆ ಒಂದು ಇಂಜೆಕ್ಷನ್ ಕೊಡುತ್ತಿದ್ದರು. ಕೊಡಲಿಲ್ಲ.

ಈ ಬಾರಿ ಅಕ್ಕ ಮತ್ತೆ ಬಸುರಿಯಾದಾಗ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದೆವು. ಅಲ್ಲಿಯ ಲ್ಯಾಬಿನ ರಾಮಮೋಹನ್ ಎಂಬ ಹಿರಿಯರು, ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದುದನ್ನು ಗಮನಿಸಿ, ಹತ್ತಿರ ಕರೆದು ತೋರಿಸಿದರು. ಬಿಳಿಯ ಹಲಗೆಯ ಮೇಲೆ ಅಕ್ಕನ ರಕ್ತದ ಮೂರು ಹನಿ. ಒಂದಕ್ಕೆ ನೀಲಿ ದ್ರವ, ಇನ್ನೊಂದಕ್ಕೆ ಹಳದಿ, ಮೂರನೆಯದಕ್ಕೆ ಬಣ್ಣವೇ ಇಲ್ಲದ ದ್ರವ ಬೆರೆಸಿ ಹಲಗೆಯನ್ನು ಮೆಲ್ಲಗೆ ಓಲಾಡಿಸಿದರು. ಹಳದಿ ಬಿದ್ದ ಹನಿ ಒಡೆದ ಹಾಲಿನಂತೆ ಗಂಟುಗಂಟಾಯಿತು, ಅದೇ ಬಿ. ಪಾಸಿಟಿವ್ ಆಗಿದ್ದರೆ ಗಂಟುಕಟ್ಟಬೇಕಿದ್ದ ಮೂರನೆಯದು ಕಾದಷ್ಟೂ ಹಾಗೇ ಇತ್ತು. ಏನೂ ಆಗಲಿಲ್ಲವಲ್ಲ ಎಂದೆ. "ಏನೂ ಆಗದೇ ಇರೋದೇ ಆನ್ಸರು ತಲ್ಲೀ" ಎಂದರು ಅವರು, ತಮಗೆ ಬರುವಷ್ಟು ಕನ್ನಡದಲ್ಲಿ.

ಮಾನ್ಯರೇ, ನಾನು ಹೆಚ್ಚು ಮಾತಾಡುವವಳಲ್ಲ. ಶೇರ್ ಆಟೋದಲ್ಲಿ 'ಇಲ್ಲಿ ನಿಲ್ಲಿಸಿ' ಎನ್ನಲು ನಾಲಗೆ ಏಳದೆ, ಮುಂದಿನವರು ಯಾರಾದರೂ ಇಳಿಯುವವರೆಗೆ ಕೂತಿದ್ದು, ಅಷ್ಟು ದೂರ ಹಿಂದಕ್ಕೆ ನಡೆದು ಬಂದಿದ್ದೇನೆ. ಸುಮ್ಮನಿರುವವರ ಬಗ್ಗೆ ಲೋಕ ಏನೆಂದುಕೊಳ್ಳುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಮೌನಂ ಸಮ್ಮತಿ ಲಕ್ಷಣಂ. ಆ ಮೂರನೆಯ ಹನಿ 'ಇಲ್ಲ' ಎಂದು ಹೇಳುವ ರೀತಿ ಸುಮ್ಮನಿರುವುದು. ನಿಮ್ಮ ಯಂತ್ರ ಅದನ್ನು 'ಹೌದು' ಎಂದು ಓದಿತು.

ಆ ಇಂಜೆಕ್ಷನ್ ಸಿಗದ ಫಲವೂ ಅದೇ ವಾರ ಗೊತ್ತಾಯಿತು. ಹೋದ ಮಗುವಿನ ರಕ್ತ ಪಾಸಿಟಿವ್ ಆಗಿದ್ದಿರಬೇಕು. ಅದರ ನಾಲ್ಕು ಹನಿ ಅಕ್ಕನ ರಕ್ತಕ್ಕೆ ಸೇರಿ, ಅವಳ ಮೈ ಅದನ್ನು ಹೊರಗಿನದೆಂದು ಗುರುತಿಟ್ಟುಕೊಂಡಿದೆ. ಈಗ ಹೊಟ್ಟೆಯಲ್ಲಿರುವ ಮಗುವಿನ ಕೆಂಪು ಕಣಗಳ ಮೇಲೆ ತಾಯಿಯ ರಕ್ತವೇ ದಂಡೆತ್ತಿ ಹೋಗುತ್ತಿದೆ. ಇನ್ನು ಆ ಇಂಜೆಕ್ಷನ್ ಕೊಟ್ಟರೂ ಪ್ರಯೋಜನವಿಲ್ಲ.

ಇದೆಲ್ಲ ನಿಮಗೆ ಗೊತ್ತಿಲ್ಲವೆಂದು ನಾನು ಹೇಳಲಾರೆ. ಇಲ್ಲಿ ವಿಶಾಖಪಟ್ಟಣದ ಗಾಜುವಾಕದಲ್ಲಿ ನಿಮ್ಮ ಕೌಂಟರಿನ ಗೋಡೆಗೆ ತೆಲುಗಿನ ಅಂದವಾದ ಭಿತ್ತಿಪತ್ರ ಅಂಟಿಸಿದ್ದೀರಿ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ನನಗದು ಬಾಯಿಪಾಠವಾಗಿದೆ. ಕೆಂಪು ಕಣ ಉಸಿರನ್ನು ಹೊತ್ತು ಮೈಯೆಲ್ಲ ತಿರುಗುತ್ತದೆ. ಬಿಳಿ ಕಣ ಕಾವಲು ಕಾಯುತ್ತದೆ. ಪ್ಲೇಟ್‌ಲೆಟ್‌ಗಳು ಗಾಯವಾದಲ್ಲಿ ಕೂಡಿಕೊಂಡು ಸೋರುವುದನ್ನು ತಡೆಯುತ್ತವೆ. ಎಲ್ಲವನ್ನೂ ತೇಲಿಸಿಕೊಂಡು ಹೋಗುವ ಹಳದಿ ನೀರು ಪ್ಲಾಸ್ಮಾ. ಕೆಳಗೆ ರಕ್ತದ ಗುಂಪುಗಳ ಪಟ್ಟಿ: ಎಂಟು. ನಾಲ್ಕು ಕೂಡುವ ಚಿಹ್ನೆಯವು, ನಾಲ್ಕು ಅಡ್ಡಗೆರೆಯವು. ಗೋಡೆಯ ಮೇಲೆ ಎಂಟು ಗುಂಪು, ಗೋಡೆಗೆ ಬೆನ್ನು ಹಾಕಿ ಕೂತ ಕಂಪ್ಯೂಟರಿನಲ್ಲಿ ನಾಲ್ಕೇ. ನಿಮ್ಮ ಸಿಬ್ಬಂದಿ ಒಮ್ಮೆ ಕುರ್ಚಿ ತಿರುಗಿಸಿ ಕೂತಿದ್ದರೂ ಸಾಕಿತ್ತು. ಅಕ್ಕನ ಮೈಯಲ್ಲಿ ಕಣ್ಣಿಗೆ ಕಾಣದ ಬಿಳಿ ಕಣವೊಂದು ಎರಡು ವರ್ಷದ ಹಿಂದೆ ಒಮ್ಮೆ ಕಂಡದ್ದನ್ನು ಇಂದಿಗೂ ಮರೆತಿಲ್ಲ. ಮೂರು ಸಲ ಮೊಹರು ಹಾಕಿ ಪಡೆದ ಅರ್ಜಿಯನ್ನು ನಿಮ್ಮ ಕಚೇರಿ ಮೂರು ಸಲವೂ ಮರೆಯಿತು.

ಕೌಂಟರಿನಲ್ಲಿ ಸಿಕ್ಕ ಉತ್ತರ ಹೀಗಿತ್ತು: "ಚಿನ್ನ ಗೀತೇ ಕದಮ್ಮಾ. ದೀನಿಕಿ ಇಂತ ಗೊಡವ ಎಂದುಕು?" ತೆಲುಗಿನಲ್ಲಿ ಗೀತ ಎಂದರೆ ಗೆರೆ. ಸಣ್ಣ ಗೆರೆ ತಾನೇ, ಇದಕ್ಕೆ ಇಷ್ಟು ಗಲಾಟೆ ಯಾಕೆ ಎಂದು ಅರ್ಥ. ನಾನು ಸಾಹಿತ್ಯ ಓದಿದವಳು. ಅಲ್ಪವಿರಾಮ ತಪ್ಪಿದರೂ ನಮಗೆ ಅಂಕ ಕಡಿಮೆಯಾಗುತ್ತಿತ್ತು. ಅದರಿಂದೆಲ್ಲ ಏನು ಉಪಯೋಗ ಎಂದು ಅಪ್ಪನ ಬ್ಯಾಂಕಿನವರು ಕೇಳುತ್ತಿದ್ದರು. ಈಗ ಉತ್ತರ ಸಿಕ್ಕಿದೆ.

ಹಾಗಾಗಿ ವಿಜಯವಾಡಕ್ಕೆ ಬಂದೆ. ನಿಮಗೆ ನೆನಪಿರಲಾರದು. ಹಸಿರು ಚೂಡಿದಾರ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಮೂರು ಗಂಟೆ ಬೆಂಚಿನ ಮೇಲೆ, ನಾಲ್ಕು ನಿಮಿಷ ನಿಮ್ಮೆದುರು. ರೈಲಿನಲ್ಲಿ ತುನಿ ದಾಟಿದಾಗಿನಿಂದ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ. ಅರ್ಧವೂ ಹೇಳಿರಲಿಲ್ಲ, ನೀವು ವರದಿಯನ್ನು ನನ್ನ ಕಡೆಗೇ ಸರಿಸಿದಿರಿ. "ಸಿಸ್ಟಮ್ ತಗೊಳ್ಳಲ್ಲಮ್ಮ, ನಾವೇನು ಮಾಡೋಣ? ಯಾಕೆ ಸುಮ್ನೆ ನೆಗೆಟಿವ್ ಅಂತೀರಿ? ಬಿ ಪಾಸಿಟಿವ್" ಎಂದಿರಿ. ಪಕ್ಕದಲ್ಲಿದ್ದ ನಿಮ್ಮ ಆಪ್ತ ಸಹಾಯಕರು ನಕ್ಕರು. ನಾನೂ ನಕ್ಕೆ. ಹಿರಿಯರು ತಮಾಷೆ ಮಾಡಿದರೆ ನಗಬೇಕೆಂದು ರೂಢಿಯಾಗಿಬಿಟ್ಟ ಬಾಯಿ ಇದು. ರಾತ್ರಿ ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. "ಕನ್ನಡದಾಗೆ ಮಾತಾಡಿದ್ರಾ?" ಎಂದರು. ಮಾತಾಡಿದರು ಎಂದೆ. ಆ ನಗುವನ್ನು ಈ ಪತ್ರದ ಮೂಲಕ ಹಿಂಪಡೆಯುತ್ತಿದ್ದೇನೆ. ದಯವಿಟ್ಟು ಕಡತದಲ್ಲಿ ನಮೂದಿಸಿಕೊಳ್ಳಿ.

ಈಗ ಅಕ್ಕನಿಗೆ ಏಳನೆಯ ತಿಂಗಳು. ಮಗುವಿನ ರಕ್ತ ತೆಳುವಾಗುತ್ತಿದೆಯೇ ಎಂದು ವಾರ ವಾರ ಸ್ಕ್ಯಾನ್ ಮಾಡಿ ನೋಡುತ್ತಾರೆ. ಕಳೆದ ವಾರ ಡಾಕ್ಟರ ಮುಖ ಚೆನ್ನಾಗಿರಲಿಲ್ಲ. ಹೊಟ್ಟೆಯಲ್ಲಿರುವಾಗಲೇ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ರಕ್ತ ಕೊಡಬೇಕಾಗಬಹುದು, ಅದನ್ನು ಮಾಡುವವರು ಹೈದರಾಬಾದಿನಲ್ಲಿದ್ದಾರೆ, ನಿಮ್ಮ ಯೋಜನೆಯ ಅನುಮತಿ ಪತ್ರ ಇಂದೇ ಕೇಳಿ ಎಂದರು. ಕೇಳಿದೆವು. ಫೋನಿಗೆ ಸಂದೇಶ ಬಂತು: ತಾಯಿಯ ಗುಂಪು ಪಾಸಿಟಿವ್ ಇರುವುದರಿಂದ ಈ ಕಾಯಿಲೆ ಸಾಧ್ಯವಿಲ್ಲ, ಕೋರಿಕೆ ತಿರಸ್ಕರಿಸಲಾಗಿದೆ. ನಿಮ್ಮ ಕಾರ್ಡಿನ ತಪ್ಪಿನಿಂದ ಬಂದ ಕಾಯಿಲೆ ನಿಮ್ಮ ಕಾರ್ಡಿನ ಪ್ರಕಾರ ಬರುವಂತೆಯೇ ಇಲ್ಲ! ಭಾವ ಆ ಸಂದೇಶವನ್ನು ಅಕ್ಕನಿಗೆ ತೋರಿಸಲಿಲ್ಲ. ಆದರೆ ಅವಳು ಅದನ್ನು ಆಗಲೇ ಓದಿಕೊಂಡಿದ್ದಳು. "ಹಂಗಾರೆ ಮಗೂಗೆ ಏನೂ ಆಗಿಲ್ಲ ಬಿಡ್ರಿ, ಆಫೀಸಿನೋರೇ ಹೇಳ್ಯಾರಲ್ಲ" ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಗೋಡೆ ಕಡೆಗೆ ತಿರುಗಿ ಮಲಗಿದಳು.

ಮರುದಿನ ಬೆಳಿಗ್ಗೆ ನಾನು ಗಾಜುವಾಕದಲ್ಲಿ ಒಂದು ಮಾರ್ಕರ್ ಪೆನ್ನು ಕೊಂಡೆ. ಕಪ್ಪು, ನೀರಿಗೆ ಅಳಿಸದ್ದು. ಅಕ್ಕನ ಕಾರ್ಡಿನ ಕೂಡುವ ಚಿಹ್ನೆಯಲ್ಲಿ ನೆಟ್ಟಗಿನ ಗೆರೆಯನ್ನು ಬ್ಲೇಡಿನಿಂದ ಕೆರೆದು, ಉಳಿದ ಅಡ್ಡಗೆರೆಯನ್ನು ದಪ್ಪ ಮಾಡಿದೆ. ಅಪ್ಪನ ಮೂಲಕ ನಿಮ್ಮಲ್ಲಿ ನನಗೂ ಒಂದು ಕಾರ್ಡಿದೆ, ಅದರಲ್ಲಿ ಓ ಪಾಸಿಟಿವ್. ಅನುಮಾನ ಬಂದು ರಾಮಮೋಹನ್ ಅವರಲ್ಲಿ ಪರೀಕ್ಷಿಸಿಕೊಂಡಾಗ ನನ್ನ ಮೂರನೆಯ ಹನಿಯೂ ಸುಮ್ಮನಿತ್ತು. ನನ್ನ ಕಾರ್ಡನ್ನೂ ತಿದ್ದಿದೆ. ಎರಡನ್ನೂ ಕೌಂಟರಿನಲ್ಲಿ ತೋರಿಸಿದೆ. ನಾಲ್ಕು ತಿಂಗಳು ಬಾಯಿ ಬಿಡದ ಕಚೇರಿ ಎರಡೇ ದಿನದಲ್ಲಿ ನೋಟಿಸು ಕಳಿಸಿತು: ಕಾರ್ಡನ್ನು ವಿರೂಪಗೊಳಿಸಿದ್ದೀರಿ, ಶಿಕ್ಷಾರ್ಹ ಅಪರಾಧ, ವಿವರಣೆ ಕೊಡಿ.

ವಿವರಣೆ ಇದು. ಹೌದು, ನಾನೇ ಮಾಡಿದೆ. ಇನ್ನೂ ಮಾಡುತ್ತಿದ್ದೇನೆ. ಸೋಮವಾರದಿಂದ ನಿಮ್ಮ ಕೌಂಟರಿನ ಎದುರಿನ ಬಸ್ ಸ್ಟಾಪಿನಲ್ಲಿ ಕೂತಿದ್ದೇನೆ. ಲ್ಯಾಬಿನ ವರದಿ ಕೈಯಲ್ಲಿದ್ದವರ ಕಾರ್ಡನ್ನು ಮಾತ್ರ ತಿದ್ದಿ ಕೊಡುತ್ತೇನೆ. ನಿಮ್ಮಂತೆ ಊಹೆಯ ಮೇಲೆ ಅಲ್ಲ. ಮೊದಲ ದಿನ ಯಾರನ್ನೂ ಕರೆಯಲು ಬಾಯಿ ಬರದೆ, ರಟ್ಟಿನ ಮೇಲೆ 'ನೆಗೆಟಿವ್ ಇರುವವರು ಇಲ್ಲಿ ಬನ್ನಿ' ಎಂದು ತೆಲುಗಿನಲ್ಲಿ ಬರೆದು ಪಕ್ಕದಲ್ಲಿಟ್ಟುಕೊಂಡೆ. ಈವರೆಗೆ ಹತ್ತೊಂಬತ್ತು ಕಾರ್ಡು. ಅವರಲ್ಲಿ ಆರು ಮಂದಿ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು.

ಮುಂದಿನ ಸ್ಕ್ಯಾನ್ ಗುರುವಾರ. ಅಷ್ಟರೊಳಗೆ ಪ್ರತೀಕ್ಷಾಳ ಅನುಮತಿ ಪತ್ರ ನಮ್ಮ ಕೈಯಲ್ಲಿರಬೇಕು. ಕೋರಿಕೆಯ ಅರ್ಜಿಗಳು ಮೂರಾದವು, ಇದು ಬೇಡಿಕೆ. ಅವಳ ದಾಖಲೆಗೆ ಗೆರೆ ಹಿಂದಿರುಗಲಿ, ಮತ್ತು ನೀವು ಅರ್ಜಿಯ ಹಳೆಯ ಕಾಗದಗಳನ್ನು ತೆಗೆಸಿ, ಅಡ್ಡಗೆರೆ ಎಳೆದಿದ್ದ ಪ್ರತಿಯೊಬ್ಬರಿಗೂ 'ನಿಮ್ಮ ಕಾರ್ಡನ್ನು ನಂಬಬೇಡಿ' ಎಂದು ತಿಳಿಸಿ. ಯಂತ್ರ ಒಪ್ಪುವುದಿಲ್ಲ ಎಂದರೆ ಯಂತ್ರಕ್ಕೆ ನೋಟಿಸು ಕೊಡಿ.

ಕೊನೆಯದಾಗಿ ಒಂದು ವಿಷಯ. ನಿನ್ನೆ ಊಟದ ಬಿಡುವಿನಲ್ಲಿ ನಿಮ್ಮ ಕೌಂಟರಿನವರೇ ಒಬ್ಬರು ರಸ್ತೆ ದಾಟಿ ಬಂದರು. ಅತ್ತಿತ್ತ ನೋಡಿ, ಕೊರಳಿನ ಪಟ್ಟಿಯಲ್ಲಿದ್ದ ತಮ್ಮ ಆರೋಗ್ಯ ಕಾರ್ಡ್ ತೆಗೆದು, ಮಡಚಿದ ಲ್ಯಾಬ್ ವರದಿಯ ಜೊತೆ ನನ್ನ ಮುಂದಿಟ್ಟು, "ನಾದಿ ಕೂಡಾ ಗೀಯಮ್ಮಾ" ಎಂದರು. ನನ್ನದಕ್ಕೂ ಗೆರೆ ಎಳೆಯಮ್ಮಾ ಎಂದು. ಎಳೆದೆ. ಅವರು ಯಾರೆಂದು ಹೇಳುವುದಿಲ್ಲ. ಬೇಕಿದ್ದರೆ ಸಿಬ್ಬಂದಿಯಲ್ಲಿ ನೆಗೆಟಿವ್ ಯಾರಿದ್ದಾರೆಂದು ನಿಮ್ಮ ಕಂಪ್ಯೂಟರಿನಲ್ಲೇ ಹುಡುಕಿಸಿ ನೋಡಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಪಾಸಿಟಿವ್, ನೆತ್ತರಿನಲ್ಲಿ ಅಲ್ಲದ
ಅರ್ಪಿತಾ ಪ್ರಭಾಕರ
(ಕೌಂಟರಿನ ಎದುರಿನ ಬಸ್ ಸ್ಟಾಪು, ಗಾಜುವಾಕ. ಬೆಳಿಗ್ಗೆ ಹತ್ತರಿಂದ ನಿಮ್ಮ ಕಚೇರಿ ಮುಚ್ಚುವವರೆಗೆ.)