ಆರು ಕಿಲೋ

ಡ್ಯುಸೆಲ್‌ಡಾರ್ಫ್
೯ ನವೆಂಬರ್ ೨೦೦೩, ರವಿವಾರ

ಪ್ರೀತಿಯ ಪ್ರೇಮಕ್ಕಾ,

ನಿನ್ನ ತಂಗಿಯ ನಮಸ್ಕಾರ. ಎಲ್ಲರೂ ಮೊದಲ ಸಾಲಿನಲ್ಲೇ ‘ನಾವು ಕ್ಷೇಮ’ ಎಂದು ಬರೆಯುತ್ತಾರೆ. ನಮ್ಮ ಮನೆಯವರು ಕ್ಷೇಮ. ನನ್ನದು ಮುಂದೆ ಬರುತ್ತದೆ, ಸ್ವಲ್ಪ ತಾಳು. ದೀಪಾವಳಿಗೆ ಮೊದಲೇ ಬರೆಯಬೇಕಾಗಿತ್ತು. ನೀನು ಉಂಡಿ ಕಟ್ಟುವ ಗಡಿಬಿಡಿಯಲ್ಲಿರುತ್ತೀ ಎಂದು ನನಗೆ ನಾನೇ ನೆಪ ಹೇಳಿಕೊಂಡು ದಿನ ದೂಡಿದೆ. ಬೈಯಬೇಡ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀ. ನಿಮ್ಮ ಮನೆಯ ಫೋನು ಪಡಸಾಲೆಯಲ್ಲಿದೆ. ನಾನು ‘ಅಕ್ಕಾ’ ಎನ್ನುವುದರೊಳಗೆ ನಿನ್ನ ಮಾವನವರು ಟಿವಿಯ ಸದ್ದು ತಗ್ಗಿಸುತ್ತಾರೆ, ಎದುರುಮನೆಯ ಸುಶೀಲಮ್ಮನಿಗೆ ಅದೇ ಹೊತ್ತಿಗೆ ಮನೆಯಲ್ಲಿ ಸಕ್ಕರೆ ತೀರಿರುತ್ತದೆ. ಇದು ಪಡಸಾಲೆಯಲ್ಲಿ ಆಡುವ ಮಾತಲ್ಲ.

ಅವ್ವ ಗದಗಿನಿಂದ ಕಳಿಸಿದ ಗಂಟು ಗುರುವಾರ ಬಂದು ಮುಟ್ಟಿತು. ಇವರ ಆಫೀಸಿನ ಸಿದ್ದಲಿಂಗೇಶನ ತಾಯಿ ಊರಿಂದ ಬರುವಾಗ ತಂದರು. ಹಸಿರು ಇಳಕಲ್ಲ ಸೀರೆ, ಹಸಿರು ಜಂಪರು, ಹಸಿರು ಬಳೆ, ಬಯಕೆ ತೀರಲೆಂದು ಶೇಂಗಾ ಹೋಳಿಗೆ. ಚೊಚ್ಚಲ ಬಸುರಿಗೆ ಕುಬಸ ಮಾಡಲು ಅವ್ವನಿಗೆ ಇಷ್ಟು ದೂರ ಬರಲಾಗುವುದಿಲ್ಲವಲ್ಲ, ಅದಕ್ಕೆ ಸಾಮಾನು ಮೊದಲೇ ಕಳಿಸಿದ್ದಾಳೆ. ತಿಂಗಳು ತುಂಬಿದಾಗ ಇಲ್ಲಿಯ ಯಾರಾದರೂ ಮುತ್ತೈದೆಯ ಕೈಯಲ್ಲಿ ಉಡಿ ತುಂಬಿಸಿಕೊಂಡು, ಸೀರೆ ಉಟ್ಟು, ಫೋಟೋ ಕಳಿಸಬೇಕಂತೆ.

ಅಕ್ಕಾ, ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. ನನ್ನ ಹೊಟ್ಟೆಯಲ್ಲಿ ಕೂಸಿಲ್ಲ. ಹೋದದ್ದಲ್ಲ, ಇರಲೇ ಇಲ್ಲ. ಇದನ್ನು ಅವ್ವನಿಗೆ ನೀನು ಹೇಳಬೇಕು. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಹೇಗಾಯಿತು ಎಂದರೆ, ಎಲ್ಲಿಂದ ಸುರು ಮಾಡಲಿ? ನಾವಿರುವ ಈ ಊರಿನಲ್ಲಿ ಜಪಾನಿನವರು ಬಹಳ ಎಂದು ಹಿಂದೆಯೇ ಬರೆದಿದ್ದೆ. ಇವರ ಕಂಪನಿಯೇ ಜಪಾನಿನವರದು. ನಮ್ಮ ಕಟ್ಟಡದಲ್ಲಿ ಮೇಲೊಬ್ಬರು, ಕೆಳಗೊಬ್ಬರು, ಎಲ್ಲ ಅದೇ ಆಫೀಸಿನ ಸಂಸಾರಗಳು. ಜರ್ಮನಿಗೆ ಬಂದು ನಾನು ಜರ್ಮನರಿಗಿಂತ ಜಪಾನಿನವರನ್ನೇ ಹೆಚ್ಚು ನೋಡಿದ್ದೇನೆ. ಇಮ್ಮರ್ಮನ್ ಬೀದಿ ಎಂದು ಒಂದಿದೆ, ಅಲ್ಲಿ ಬೋರ್ಡು, ಪುಸ್ತಕ, ಬೇಕರಿ, ಎಲ್ಲವೂ ಅವರದೇ. ಬಂದ ವರ್ಷ ಅಲ್ಲಿಯ ಅಂಗಡಿಯೊಂದರಲ್ಲಿ ಚಂದದ ಕುಪ್ಪಸ ಕಂಡು ಒಳಗೆ ಹೋದೆ. ಅಂಗಡಿಯಾಕೆ ನನ್ನನ್ನು ನೋಡಿ ನಡು ಬಗ್ಗಿಸಿ ನಮಸ್ಕಾರ ಮಾಡಿದಳು, ನಕ್ಕಳು, ಆಮೇಲೆ ಎರಡೂ ಕೈಗಳನ್ನು ಎದೆಯ ಮುಂದೆ ಅಡ್ಡಡ್ಡ ಹಿಡಿದು ತೋರಿಸಿದಳು. ಇಲ್ಲ, ನಿಮ್ಮ ಸೈಜು ಇಲ್ಲ ಎಂದು. ಅದೇ ದಿನ ಬೆಳಿಗ್ಗೆ ಜರ್ಮನ್ ಅಂಗಡಿಯಲ್ಲಿ ನಾನು ನಟ್ಟನಡುವಿನ ಸೈಜಾಗಿದ್ದೆ. ನಾಲ್ಕು ಬೀದಿ ದಾಟುವುದರೊಳಗೆ ದಪ್ಪಗಾಗಿಬಿಟ್ಟಿದ್ದೆ. ಮನೆಗೆ ಬಂದು ಇವರಿಗೆ ಕೈ ಅಡ್ಡ ಹಿಡಿದು ತೋರಿಸಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಕೆಳಗಿನ ಮನೆಯ ನೋರಿಕೊಸಾನ್ ಮನೆಯಲ್ಲಿ ಹೆಂಗಸರೆಲ್ಲ ಆಗಾಗ ಸೇರುತ್ತೇವೆ. ಅವರಲ್ಲಿ ನಾನೊಬ್ಬಳೇ ಹೊರಗಿನವಳು. ಒಳ್ಳೆಯ ಹೆಂಗಸರು, ಅಕ್ಕಾ. ನಾನು ಮೀನು ತಿನ್ನುವುದಿಲ್ಲವೆಂದು ನನಗೆ ಬೇರೆಯೇ ಸಾರು ಮಾಡಿಟ್ಟಿರುತ್ತಾರೆ. ಆದರೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಬ್ಬರಿಗೊಬ್ಬರು, ‘ಸಣ್ಣಗಾಗಿದ್ದೀರಲ್ಲ!’ ಎನ್ನುತ್ತಾರೆ. ಅನ್ನಿಸಿಕೊಂಡವಳು ನಾಚಿ, ‘ಎಲ್ಲಿ, ದಪ್ಪಗಾಗಿದ್ದೇನೆ, ಇನ್ನು ಊಟ ಬಿಡಬೇಕು’ ಎನ್ನುತ್ತಾಳೆ. ಅವಳ ಮುಂಗೈ ನೋಡಿದರೆ ಕೊತ್ತಂಬರಿ ಕಡ್ಡಿ. ನಮ್ಮಲ್ಲಿ ಯಾರಾದರೂ ಸಣ್ಣಗಾಗಿದ್ದೀ ಎಂದರೆ ಏನಾಗುತ್ತದೆ? ನೀನು ಮದುವೆಯಾಗಿ ಮೊದಲ ಪಂಚಮಿಗೆ ಬಂದಾಗ ಅವ್ವ ಗಲ್ಲ ಹಿಡಿದು, "ಯಾಕಬೇ ಹಿಂಗ ಸೊರಗೀದಿ? ಅತ್ತಿ ಮನ್ಯಾಗ ಹೊಟ್ಟಿಗೆ ಹಾಕಂಗಿಲ್ಲೇನು?" ಎಂದು ಬಾಗಿಲಲ್ಲೇ ಅತ್ತಿದ್ದಳಲ್ಲ. ಇಲ್ಲಿ ಅದೇ ಮಾತಿಗೆ ಕೈಕೈ ಹಿಡಿದು ಕುಣಿಯುತ್ತಾರೆ. ಲೋಕೋ ಭಿನ್ನರುಚಿ ಎಂದು ಸುಮ್ಮನಿದ್ದೆ.

ಸುಮ್ಮನಿದ್ದವಳು ಈ ವರ್ಷ ಜನವರಿಯಿಂದ ನಾನೂ ಸುರು ಮಾಡಿದೆ. ಇವರು ಪಾಪ, ನನಗೆ ಉತ್ಸಾಹ ಬರಲೆಂದು ತೂಕ ನೋಡುವ ಯಂತ್ರ ತಂದರು. ರೊಟ್ಟಿ ಬಿಟ್ಟೆ. ಮಧ್ಯಾಹ್ನಕ್ಕೆ ಕೊನ್ಯಾಕು ಎನ್ನುವ ಒಂದು ಗೆಡ್ಡೆಯ ಹಲ್ವ. ಹಲ್ವ ಎಂದೆನೆಂದು ಬಾಯಲ್ಲಿ ನೀರು ಬರಿಸಿಕೊಳ್ಳಬೇಡ, ರುಚಿ ಎಂಬುದು ಅದಕ್ಕೆ ಗೊತ್ತೇ ಇಲ್ಲ. ರಾತ್ರಿಗೆ ಒಂದು ಸೇಬು. ‘ಒಪ್ಪತ್ತು ಉಂಡವ ಯೋಗಿ’ ಎಂದು ಅಪ್ಪ ಹೇಳುತ್ತಿದ್ದರಲ್ಲ, ಆ ಲೆಕ್ಕದಲ್ಲಿ ನಾನು ಯೋಗಿಗಿಂತ ಒಂದು ಮೆಟ್ಟಿಲು ಮೇಲೆ ಹೋಗಿದ್ದೆ. ಬೇಸಿಗೆಗೆ ಇಮ್ಮರ್ಮನ್ ಬೀದಿಯ ಆ ಅಂಗಡಿಯಲ್ಲೇ ಕುಪ್ಪಸ ಕೊಂಡೆ. ಅಂಗಡಿಯಾಕೆ ಚಪ್ಪಾಳೆ ತಟ್ಟಿದಳು. ನೋರಿಕೊಸಾನ್ ಮನೆಯ ಬಾಗಿಲಲ್ಲಿ ಎಲ್ಲರೂ ನನಗೂ ‘ಸಣ್ಣಗಾಗಿದ್ದೀರಿ’ ಎಂದರು. ಖುಷಿಯಾಯಿತು, ಸುಳ್ಳು ಏಕೆ ಹೇಳಲಿ? ಬಹಳ ಖುಷಿಯಾಯಿತು.

ಜುಲೈಗೆ ಮುಟ್ಟು ನಿಂತಿತು. ಆಗಸ್ಟಿನಲ್ಲೂ ಆಗಲಿಲ್ಲ. ತಲೆ ಸುತ್ತುತ್ತಿತ್ತು, ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸುತ್ತಿತ್ತು. ಮನೆಮದ್ದು ಏನಾದರೂ ಇದೆಯೇ ಎಂದು ಕೇಳಲು ಅವ್ವನಿಗೆ ಫೋನು ಮಾಡಿದೆ. "ಅವ್ವಾ, ಎರಡು ತಿಂಗಳಾತು, ಆಗಿಲ್ಲ" ಎಂದೆ, ಅಷ್ಟೇ. ಮುಂದಿನದನ್ನು ಹೇಳಲು ಅವಳು ಬಿಡಲೇ ಇಲ್ಲ.

"ನಿನ್ನ ಬಾಯಾಗ ಸಕ್ಕರಿ ಹಾಕಬೇಕವ್ವಾ! ನಾಕು ವರ್ಷದ ಮ್ಯಾಲ ದೇವರು ಕಣ್ಣು ತೆರದಾನ. ಭಾರ ಎತ್ತಬ್ಯಾಡ, ಆ ಥಂಡ್ಯಾಗ ಹೊರಗ ತಿರಗಬ್ಯಾಡ. ನಿಮ್ಮತ್ತಿಗೆ ನಾನs ಹೇಳತೀನಿ."

ಅಲ್ಲವ್ವಾ, ಅಲ್ಲವ್ವಾ ಎನ್ನುವಷ್ಟರಲ್ಲಿ ಫೋನಿಟ್ಟಿದ್ದಳು. ಮತ್ತೆ ಮಾಡಿದೆ, ಲೈನು ಬಿಡುವಿಲ್ಲ. ಆಗಲೇ ಧಾರವಾಡಕ್ಕೆ, ನಮ್ಮ ಅತ್ತೆಯವರ ಮನೆಗೆ, ಹಚ್ಚಿದ್ದಳೆಂದು ಆಮೇಲೆ ತಿಳಿಯಿತು. ಸಂಜೆ ಅತ್ತೆಯವರೇ ಇಲ್ಲಿಗೆ ಫೋನು ಮಾಡಿದರು. ಅವರು ನನ್ನನ್ನು ‘ನನ್ನ ಬಂಗಾರಾ’ ಎಂದದ್ದು ಅದೇ ಮೊದಲು.

ಮೂರನೆಯ ಸಲ ಏಕೆ ತಿಳಿಸಿ ಹೇಳಲಿಲ್ಲ ಎನ್ನುತ್ತೀಯಾ? ಅಷ್ಟರಲ್ಲಿ ನಾನೂ ನಂಬಿದ್ದೆ, ಅಕ್ಕಾ. ಇಷ್ಟು ಜನ ಹೇಳುವಾಗ ಇದ್ದರೂ ಇರಬಹುದು ಎನ್ನಿಸಿತು. ಅಡಿಗೆ ಮನೆಯಲ್ಲಿ ನಿಂತಾಗ ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಆ ಹದಿನೈದು ದಿನ ನಾನು ಎಷ್ಟು ಸುಖವಾಗಿದ್ದೆನೆಂದರೆ, ಈಗ ನೆನೆಸಿಕೊಳ್ಳಲು ನಾಚಿಕೆಯಾಗುತ್ತದೆ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಬಟ್ಟೆ ಒಗೆಯಲು ಕೆಳಗಿನ ನೆಲಮಾಳಿಗೆಗೆ ಇಳಿಯುವಾಗ ಮೆಟ್ಟಿಲ ಮೇಲೆ ಕುಸಿದೆ. ಕಣ್ಣು ಬಿಟ್ಟಾಗ ನೋರಿಕೊಸಾನ್ ಸೋಫಾದ ಮೇಲಿದ್ದೆ. ಆಕೆಯ ಜರ್ಮನ್ ಅರ್ಧ, ನನ್ನ ಜರ್ಮನ್ ಕಾಲು, ಉಳಿದದ್ದು ಇಂಗ್ಲಿಷು ಮತ್ತು ಕೈಸನ್ನೆ. ಕೂಸಿರಬೇಕು ಎಂದೆ. ಆಕೆ ನಗಲಿಲ್ಲ. ನನ್ನ ರಟ್ಟೆ ಹಿಡಿದು ನೋಡಿದಳು, ಒಳಗೆ ಹೋಗಿ ಅನ್ನದ ಗಂಜಿ ಮಾಡಿ ತಂದಳು, ಎದುರಿಗೆ ಕುಳಿತು ಪೂರಾ ಕುಡಿಸಿದಳು.

ಆಮೇಲೆ ತನ್ನ ಕಥೆ ಹೇಳಿದಳು. ಓಸಾಕಾದಲ್ಲಿ ಮದುವೆಗೆ ಮೊದಲು ಬರೀ ಸೇಬು ತಿಂದು ಇದ್ದಳಂತೆ. ಒಂದು ವರ್ಷ ಮುಟ್ಟಾಗಲಿಲ್ಲವಂತೆ. "ಡಾಕ್ಟರ ಹತ್ತಿರ ಹೋಗಿ, ನಾಳೆಯೇ ಹೋಗಿ" ಎಂದಳು. ನೀವೆಲ್ಲ ಸಣ್ಣಗಾಗಿದ್ದೀರಿ ಎಂದು ಹೊಗಳುತ್ತೀರಲ್ಲ ಎಂದು ನಾನು ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ. ಆಕೆಗೆ ದಿಕ್ಕೇ ತಪ್ಪಿದಂತಾಯಿತು. "ನಿಮ್ಮ ಊರಿನಲ್ಲಿ ಎದುರಿಗೆ ಸಿಕ್ಕವರನ್ನು ಊಟವಾಯಿತೇ ಎಂದು ಕೇಳುತ್ತಾರೆ ಎಂದು ನೀವೇ ಹೇಳಿದ್ದಿರಿ. ಆಗಿಲ್ಲ ಎಂದರೆ ಎಲ್ಲರೂ ಉಣ್ಣಿಸುತ್ತಾರೆಯೇ? ಇದೂ ಹಾಗೆ. ನಾವು ಆಡುವ ಮಾತು ಅದು. ನೀವು ಹಾಗೆ ಆಗಬೇಕೆಂದು ಯಾರು ಹೇಳಿದರು?" ಎಂದಳು.

ಯಾರೂ ಇಲ್ಲ ಎಂದೆ.

ಇವರು ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎತ್ತರದ ಜರ್ಮನ್ ಹೆಂಗಸು, ಮಾತು ಕಡಿಮೆ. ಪರೀಕ್ಷೆ ಮಾಡಿ, ಪರದೆಯ ಮೇಲೆ ತೋರಿಸಿ, ‘ಇಲ್ಲಿ ಏನೂ ಇಲ್ಲ’ ಎಂದಳು. ಗರ್ಭಕೋಶ ಸರಿಯಾಗಿದೆ, ರೋಗವೇನೂ ಇಲ್ಲ. ಮೈಗೆ ತಾನು ಬದುಕುವುದಕ್ಕೇ ಸಾಲುತ್ತಿಲ್ಲ, ಇನ್ನೊಂದು ಜೀವವನ್ನು ಎಲ್ಲಿಂದ ಸಾಕುತ್ತದೆ, ಅದಕ್ಕೇ ಅಂಗಡಿ ಮುಚ್ಚಿದೆ ಎಂಬ ಅರ್ಥದ ಮಾತು ಹೇಳಿದಳು. ಔಷಧವಿಲ್ಲ, ಊಟವೇ ಔಷಧ. ಆರು ಕಿಲೋ ಏರಿಸಿಕೊಂಡರೆ ಮುಟ್ಟು ತಾನಾಗಿ ಬರಬಹುದು, ಕೂಸೂ ಆಗಬಹುದು. ಆದರೆ ತಡ ಮಾಡಬೇಡಿ, ಹೀಗೇ ಮುಂದುವರಿದರೆ ಎಲುಬು ಸವೆಯುತ್ತದೆ, ಆಮೇಲೆ ನಾನೂ ಭರವಸೆ ಕೊಡಲಾರೆ ಎಂದಳು. ಇವರು ಎಲ್ಲದಕ್ಕೂ ‘ಯಾ, ಯಾ’ ಎಂದು ತಲೆಯಾಡಿಸಿದರು.

ಇದು ನಡೆದ ಸಂಗತಿ. ಅವ್ವನಿಗೆ ಹೇಳುವಾಗ ಜಪಾನಿನವರನ್ನು ಬೈಯಿಸಬೇಡ, ಅವರದೇನೂ ತಪ್ಪಿಲ್ಲ. ಈಗ ಉಣ್ಣಲು ಸುರು ಮಾಡಿದ್ದಾಳೆ, ರೊಟ್ಟಿ ತುಪ್ಪ ತಿನ್ನುತ್ತಿದ್ದಾಳೆ, ಬರುವ ವರ್ಷ ಒಳ್ಳೆಯ ಸುದ್ದಿ ಕೊಡುತ್ತಾಳೆ ಎಂದು ಹೇಳು. ನೀನೇ ಬಸ್ಸು ಹತ್ತಿ ಗದಗಿಗೆ ಹೋಗಿ ಹೇಳು. ಊಟವಾದ ಮೇಲೆ, ಅವಳೊಬ್ಬಳೇ ಇದ್ದಾಗ ಹೇಳು. ಓಣಿಯವರಿಗೆ ಏನು ಹೇಳುವುದೆಂದು ಅವಳು ಮೊದಲು ಅದನ್ನೇ ಕೇಳುತ್ತಾಳೆ. ‘ನಿಲ್ಲಲಿಲ್ಲ, ಹೋಯಿತು ಎಂದರಾಯಿತು’ ಎಂಬ ಉಪಾಯ ನಿನಗೆ ಹೊಳೆಯುತ್ತದೆ, ನನಗೆ ಗೊತ್ತು. ಬೇಡ. ಇಲ್ಲದ ಕೂಸಿಗಾಗಿ ಅವ್ವನನ್ನು ಅಳಿಸಬೇಡ. ಅತ್ತೆಯವರಿಗೆ ಇವರೇ ಹೇಳುತ್ತೇನೆ ಎಂದಿದ್ದಾರೆ, ಇನ್ನೂ ಹೇಳಿಲ್ಲ.

ಜಂಪರನ್ನು ನಿನ್ನೆ ತೊಟ್ಟು ನೋಡಿದೆ. ಅವ್ವ ನನ್ನ ಮದುವೆಯ ಅಳತೆಗೆ ಮೇಲೆ ಎರಡು ಬೆರಳು ಬಿಟ್ಟು ಹೊಲಿಸಿದ್ದಾಳೆ. ಬೆದರುಬೊಂಬೆಗೆ ಅಂಗಿ ತೊಡಿಸಿದ ಹಾಗಿತ್ತು. ನಗು ಬಂತು, ಆಮೇಲೆ ಅಳುವೂ ಬಂತು. ಸೀರೆ ಮಾತ್ರ ಬಹಳ ಚಂದ ಇದೆ. ಹಿಂದಕ್ಕೆ ಕಳಿಸುವುದಿಲ್ಲ, ಹಾಗೆ ಮಾಡಿದರೆ ಅವಳ ಎದೆ ಒಡೆಯುತ್ತದೆ.

ಭಾವನವರಿಗೆ, ನಿನ್ನ ಅತ್ತೆ ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಮುದ್ದು. ಹೊಟ್ಟೆ ತುಂಬ ಉಂಡು, ಮೈ ತುಂಬ ಬೆಳೆದು, ನೂರು ಕಾಲ ಬಾಳಲಿ. ನೀನು ನನ್ನ ತಲೆಯ ಮೇಲೆ ಕೈಯಿಟ್ಟೆ ಎಂದು ನಾನು ಅಂದುಕೊಳ್ಳುತ್ತೇನೆ.

ನಿನ್ನ ತಂಗಿ,
ಸೌಭಾಗ್ಯ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಈ ಹಾಳೆಯನ್ನು ಅವ್ವನಿಗೆ ಓದಿ ಹೇಳಬೇಡ.

ಡಾಕ್ಟರ ಹತ್ತಿರ ಹೋದ ದಿನ ಮರಳಿ ಬರುವಾಗ ಟ್ರಾಮಿನಲ್ಲಿ ಇವರು ನನ್ನ ಎದುರಿಗೆ ಕುಳಿತಿದ್ದರು. ನದಿ ದಾಟುವತನಕ ಕಿಟಕಿಯ ಹೊರಗೇ ನೋಡುತ್ತಿದ್ದರು. ಕೂಸಿಲ್ಲವೆಂದು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ಪಾಪ, ಎಂದು ನಾನೇ ಅವರ ಕೈ ಹಿಡಿದುಕೊಂಡೆ. ಆಗ ಮೆತ್ತಗೆ ಕೇಳಿದರು: "ಸೌಭಾಗ್ಯಾ, ಡಿಸೆಂಬರ್‌ದಾಗ ಕಂಪನೀದ ಇಯರ್ ಎಂಡ್ ಪಾರ್ಟಿ ಐತಿ. ಎಲ್ಲಾರೂ ಮಿಸೆಸ್ಸನ್ನ ಕರಕೊಂಡು ಬರತಾರ. ಹೋದ ವರ್ಷ ನಿನ್ನ ಬಾಜೂಕ ನಿಂದ್ರಾಕ ನನಗ ಒಂಥರಾ ಆಗಿತ್ತು, ನಾ ಹೇಳಿರಲಿಲ್ಲ. ಅದು ಮುಗಿಯೂತನಕಾ ಹಿಂಗs ಇರು. ಆಮ್ಯಾಲ ತಿನ್ನಾಕ ಸುರು ಮಾಡೀಯಂತ. ಕೂಸೇನು ಎಲ್ಲಿ ಓಡಿ ಹೊಕ್ಕೈತಿ?"

ನಾನು ‘ಹೂಂ’ ಎಂದೆ. ಅಕ್ಕಾ, ನಾನು ಉಣ್ಣಲು ಇನ್ನೂ ಸುರು ಮಾಡಿಲ್ಲ.