ಭೂರಾನಿಗೆ ಒಂದು ಕೆಲಸ

ಹೊನ್ನವಳ್ಳಿ
ಮಂಗಳವಾರ

ಪ್ರೀತಿಯ ಭಾಯಿಜಾನ್,

ಅಸ್ಸಲಾಮು ಅಲೈಕುಮ್. ನಾಯಿ ಇರುವ ಮನೆಗೆ ದೇವದೂತರು, ಫರಿಶ್ತೆಗಳು ಬರುವುದಿಲ್ಲ ಎಂದು ಅಬ್ಬಾ ಹೇಳುತ್ತಿದ್ದ ಮಾತು ನನಗೆ ಅರ್ಧವೇ ನೆನಪಿದೆ. ಅವರು ಅಷ್ಟಕ್ಕೇ ನಿಲ್ಲಿಸುತ್ತಿದ್ದರೇ? ದನ, ಬೆಳೆ ಕಾಯುವ ನಾಯಿಗೆ ಅನುಮತಿ ಇದೆ ಎಂದೂ ಹೇಳುತ್ತಿದ್ದರಲ್ಲವೇ?

ಮಕ್ಕಳು ಹಚ್ಚಿಕೊಂಡಿರುವ ನಾಯಿ ಭೂರಾ, ಶುಕ್ರವಾರ ನೀವು ಊರಿಗೆ ಬರುವಷ್ಟರಲ್ಲಿ ಇರಬಾರದು, ಅವರಿಗೆ ನಾನೇ ತಿಳಿಸಿ ಹೇಳಬೇಕು ಎಂದಿರಿ. ಬೇರೆ ನೆಲೆಯಿಲ್ಲದೆ ನಿಮ್ಮ ಮನೆಯಲ್ಲಿರುವವಳು, ಆಗುವುದಿಲ್ಲ ಎನ್ನಲಾರೆ. ಮಕ್ಕಳಿಗೆ ಹೇಳಿದೆ. ನಾಯಿಯನ್ನು ದ್ವೇಷಿಸಬೇಕಿಲ್ಲ, ಬಾಯಾರಿದ್ದರೆ ನೀರು ಕೊಡುವುದು ಸವಾಬ್, ಪುಣ್ಯದ ಕೆಲಸ. ಆದರೆ ಬರೀ ಮುದ್ದಿಗೆಂದು ಮನೆಯೊಳಗೆ ಸಾಕಬಾರದು, ಕಾವಲಿಗಾದರೆ ಹೊರಗಿರಬಹುದು ಎಂದೆ.

“ಭೂರಾ ತೋಟದ ಮನೆ ಅಟ್ಟದಲ್ಲಿರೋ ಕೊಬ್ಬರಿ ಕಾಯ್ತಾನಲ್ಲ ಫುಪ್ಪು,” ಎಂದಳು ನಿಮ್ಮ ಮಗಳು ಸಮ್ರೀನ್. ಕೊಬ್ಬರಿ ಹೋದ ವಾರವೇ ಮಂಡಿಗೆ ಹೋಯಿತು, ಅಟ್ಟ ಖಾಲಿ ಎಂದು ನಾನೇ ನೆನಪಿಸಿದೆ. ಯಾಕೆ ನೆನಪಿಸಿದೆನೋ.

ಇವತ್ತು ಹೋಗಿ ನೋಡಿದರೆ ಅಟ್ಟದಲ್ಲಿ ಹನ್ನೊಂದು ತೆಂಗಿನಕಾಯಿ, ಕೆಳಗೆ ಭೂರಾ. ಕಾಯಿ ಒಣಗಿ ಕೊಬ್ಬರಿಯಾಗಲು ವರ್ಷ ಬೇಕು, ಅಲ್ಲಿಯವರೆಗೆ ಅವನಿಗೆ ಕೆಲಸವಿದೆ ಎನ್ನುತ್ತಾನೆ ನಿಮ್ಮ ಏಳು ವರ್ಷದ ಅರ್ಹಾನ್.

ಭೂರಾನನ್ನು ಓಡಿಸಲು ನನ್ನ ಕೈಲಾಗದು. ನಿಮಗೆ ಎದುರಾಡಲೂ ಆಗದು. ದಯವಿಟ್ಟು ಮೊದಲು ಅಟ್ಟ ಹತ್ತಿ ನೋಡಿ, ಆಮೇಲೆ ಮಕ್ಕಳೊಡನೆ ಮಾತಾಡಿ.

ನಿಮ್ಮ ತಂಗಿ,
ಮುಬೀನಾ

ಮುಬೀನಾ ಪತ್ರ ಮಡಿಸುವಾಗ ಪಕ್ಕದ ತೋಟದ ವನಜಾಕ್ಷಿ ಬಾಗಿಲಿಗೆ ಬಂದರು. “ನಿಮ್ಮನೆ ಮಕ್ಕಳು ನಮ್ಮ ಕಾಯಿ ಹೊತ್ಕಂಡು ಹೋದ್ರು ಕಣ್ರೀ. ನಾಯಿಗೆ ಕಾಯಾಕೆ ಏನಾದ್ರೂ ಬೇಕಂತೆ. ಕಾವಲಿಗಿರೋ ನಾಯಿನೂ ಜೊತೇಲೇ ಬಂದಿತ್ತು. ವಾಪಸ್ ಕೇಳಾಕೆ ಬಂದಿಲ್ಲ ಬುಡಿ. ಹನ್ನೊಂದು ಸಾಕಾಯ್ತದಾ ಅಂತ ಕೇಳ್ಕಂಡು ಹೋಗಾನ ಅಂತ ಬಂದೆ.”