ಕೆಂಪು ಕಾರಿನ ಬಟ್ಟಲು

ಕಲ್ಲೋಳಿ
ಶುಕ್ರವಾರ, ತಾ. 12-9-2025

ಪ್ರೀತಿಯ ಮೊಮ್ಮಗಳು ಸರಿತಾಗೆ ನಿನ್ನ ಆಯಿ ಮಾಡುವ ಆಶೀರ್ವಾದ.

ಆರಾಮ ಇದ್ದೀಯಾ? ಹುಕ್ಕೇರಿಯ ಆ ಬಾಡಿಗೆ ಖೋಲಿಯಲ್ಲಿ ಸೊಳ್ಳೆ ಕಡಿಮೆಯಾದವೇ? ಸಾಲಿಯ ಮಕ್ಕಳಿಗೆ ವಿಜ್ಞಾನ ಹೇಳಿ ಹೇಳಿ ಗಂಟಲು ಕಟ್ಟಿದ್ದರೆ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು. ಹೊಟ್ಟೆ ತುಂಬ ಉಣ್ಣು. ಕೇಳಬೇಕಾದ್ದು ಕೇಳಿ ಮುಗಿಸಿದೆ. ಇನ್ನು ಬೈಯುತ್ತೇನೆ, ಕುಳಿತುಕೊಂಡು ಓದು.

ನಾಲ್ಕು ರವಿವಾರ ಆಯಿತು, ಈ ಮನೆ ನಿನ್ನ ಮುಖ ಕಂಡಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತದಿದ್ದರೆ ಮುದುಕಿ ತಾನೇ ಸುಮ್ಮನಾಗುತ್ತಾಳೆ ಎಂದು ತಿಳಿದಿರಬೇಕು. ನಾಲ್ಕನೇ ಇಯತ್ತೆಯ ತನಕ ಕಲಿತ ಅಕ್ಷರ ಇನ್ನೂ ನನ್ನ ಕೈಯಲ್ಲಿವೆ. ಈ ಪತ್ರವನ್ನು ಕಂಡಕ್ಟರ್ ಉದ್ದಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಸಾಲಿಗೇ ಹೋಗಿ, ಎಲ್ಲ ಮಾಸ್ತರರ ಎದುರು ಕೊಟ್ಟು ಬಾ ಎಂದು ಹೇಳಿದ್ದೇನೆ. ಅವರ ಮುಂದೆ ಒಲ್ಲೆ ಎನ್ನು, ನೋಡೋಣ.

ನಿಮ್ಮ ಅಜ್ಜ ಸಿಟ್ಟಿನವರು ಎಂಬುದು ನಿನಗೆ ಈಗ ಗೊತ್ತಾಯಿತೇ? ನನಗೆ ಐವತ್ತೆರಡು ವರ್ಷದಿಂದ ಗೊತ್ತು. ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿ, ನೌಕರಿ ಮುಗಿದ ಮೇಲೆ ಪಡಸಾಲೆಯಲ್ಲಿ ಕುಳಿತು ನನ್ನ ಪಲ್ಯದ ಉಪ್ಪು ಹುಡುಕುತ್ತಿದ್ದ ಮನುಷ್ಯ. ಅವರಿಗೆ ಫೋನಿನಲ್ಲಿ ಇಟಲಿ ದೇಶದ ಹಳೆಯ ಕಾರುಗಳ ಶರ್ಯತ್ತು ತೋರಿಸಿದವಳು ನೀನು. ಊರೊಳಗಿನ ರಸ್ತೆಯಲ್ಲೇ, ಜನರ ಬಾಗಿಲ ಮುಂದೆಯೇ, ಸಾವಿರ ಮೈಲಿ ಓಡಿಸುತ್ತಿದ್ದರಂತೆ. "ಇದರಾಗ ಏನ್ ದೊಡ್ಡದೈತಿ, ನಾ ದಿನಾ ಓಡಿಸೇನಲ್ಲ" ಎಂದರು ಅವರು. "ಹಂಗಾರ ನಮ್ಮ ರೋಡನ್ನ ಮನ್ಯಾಗ ಮಾಡೂಣು ಅಜ್ಜಾ, ಓಡಸ್ರಿ ನೋಡೂಣು" ಎಂದೆ ನೀನು. ಅಷ್ಟೇ, ನನ್ನ ಜೋಳದ ಚೀಲಗಳು ಕೋಣೆಯಿಂದ ಹೊರಗೆ ಬಿದ್ದವು, ಬಾಗಿಲಗಲದ ನಾಲ್ಕು ಹಲಗೆ ಒಳಗೆ ಬಂದವು. ಹಲಗೆಯಲ್ಲಿ ಕಾರು ಓಡಲು ಎರಡು ಸೀಳು ಕೊರೆದು, ಕರೆಂಟು ಹರಿಯಲು ಬದಿಗೆ ತಾಮ್ರದ ಪಟ್ಟಿ ಅಂಟಿಸಿ, ಗೋಕಾಕ, ಕಲ್ಲೋಳಿ, ಮೂಡಲಗಿ, ಹುಕ್ಕೇರಿ, ಅಂಕಲಗಿ ಎಂದು ಬಣ್ಣದಲ್ಲಿ ಬರೆದಿರಿ. ಅಂಗೈಯಷ್ಟು ದೊಡ್ಡ ಎರಡು ಕಾರು, ಅವರದು ಕೆಂಪು, ನಿನ್ನದು ಹಸಿರು. ವೈರಿನ ತುದಿಗೆ ಒಂದು ಹಿಡಿಕೆ, ಅದರ ಗುಂಡಿ ಒತ್ತಿದಷ್ಟು ಓಟ. ಅಂಕಲಗಿಯ ತಿರುವಿನಲ್ಲಿ ಹೆಚ್ಚು ಒತ್ತಿದರೆ ಕಾರು ಸೀಳು ಬಿಟ್ಟು ನನ್ನ ಮಡಿಲಿಗೆ ಹಾರುತ್ತಿತ್ತು. ರವಿವಾರ ಎಂಟಕ್ಕೆ ಹಿಡಿದರೆ ಹನ್ನೆರಡರ ತನಕ ಬಿಡುವಂತಿಲ್ಲ. ಗಾಲಿ ಒರೆಸುವುದಕ್ಕೆ, ಎಣ್ಣೆ ಬಿಡುವುದಕ್ಕೆ ನಿಂತರೆ ಅದೂ ಓಟದ ಹೊತ್ತಿನಲ್ಲೇ. ಚಹಾ ಕುಡಿಯುವುದಾದರೆ ಒಂದು ಕೈಯಲ್ಲಿ.

ಸುತ್ತು ಎಣಿಸುವ ಕೆಲಸ ನನ್ನದು. ಒಂದು ಸುತ್ತಿಗೆ ಒಂದು ಹುಣಸೆ ಬೀಜ. ಕೆಂಪು ಕಾರಿಗೆ ಹಿತ್ತಾಳೆಯ ಬಟ್ಟಲು, ಹಸಿರಿಗೆ ಸ್ಟೀಲಿನದು. ಬಾಜೂಮನೆಯ ಹಣಮವ್ವ ಬಾಗಿಲಲ್ಲಿ ನಿಂತು "ನಿನಗ ಬ್ಯಾರೆ ಉದ್ಯೋಗ ಇಲ್ಲೇನ ಯವ್ವಾ" ಎಂದು ನಗುತ್ತಿದ್ದಳು. ನಗಲಿ. ಮೂರು ವರ್ಷದಲ್ಲಿ ನನ್ನ ಎಣಿಕೆಗೆ ನೀವಿಬ್ಬರೂ ಒಮ್ಮೆಯೂ ಎದುರಾಡಿಲ್ಲ.

ಲಕ್ವಾ ಹೊಡೆದು ಅವರ ಬಲಗೈ ಬಿದ್ದಾಗ ಡಾಕ್ಟರು ಒಂದು ರಬ್ಬರಿನ ಚೆಂಡು ಕೊಟ್ಟು, ದಿನಾಲು ನೂರು ಸಲ ಹಿಚುಕಬೇಕು ಎಂದರು. "ನಾ ಏನ್ ಕೂಸೇನು" ಎಂದು ಇವರು ಅದನ್ನು ಅಂಗಳಕ್ಕೆ ಒಗೆದರು. ಆದರೆ ಹಿಡಿಕೆ ಕೊಟ್ಟರೆ ಬೇಡ ಎನ್ನಲಿಲ್ಲ. ಎರಡು ತಿಂಗಳು ದಿನವೂ ಆ ನಡುಗುವ ಬೆರಳಿನಿಂದಲೇ ಗುಂಡಿ ಒತ್ತಿ ಒತ್ತಿ, ಒಬ್ಬರೇ ಕಾರು ಓಡಿಸಿದರು. ಕೊನೆಗೆ ರೊಟ್ಟಿ ತಾವೇ ಮುರಿದುಕೊಳ್ಳುವಷ್ಟಾಯಿತು. ಆಮೇಲೆ ಆ ರವಿವಾರ ನಿನ್ನ ಜೊತೆ ಪಂದ್ಯಕ್ಕೆ ಕುಳಿತರು. ನಾಲ್ಕು ತಾಸು ಓಡಿಸಿದರು. ಬೆವರು ಕಿವಿಯಿಂದ ಇಳಿಯುತ್ತಿತ್ತು. ನಾನು ಬಟ್ಟಲು ಸುರಿದು ಎಣಿಸಿದೆ. ಕೆಂಪು ನಾಲ್ಕು ಸುತ್ತು ಮುಂದೆ ಎಂದೆ.

ಖುಷಿಪಡುವ ಬದಲು ಏನೆಂದರು? "ಈಕಿ ಬೇಕಂತ ಹಿಂದ ಉಳದಾಳ. ನನಗ ಭಿಕ್ಷಾ ಹಾಕ್ಯಾಳ." ನೀನು "ನಾ ಖರೇನ ಓಡಿಸೇನಿ ಅಜ್ಜಾ" ಎಂದೆ. "ಮುಂದಿನ ಗಾಡಿ ಬೇಕಂತ ಬಾಜೂ ಕೊಟ್ರ ಡ್ರೈವರ್‌ಗೆ ತಿಳಿಯೂದಿಲ್ಲೇನು? ಸುಳ್ಳ ಹೇಳಬ್ಯಾಡ" ಎಂದರು. ನೀನು ಹಿಡಿಕೆ ಒಗೆದು, ಚೀಲ ಎತ್ತಿಕೊಂಡು, ಊಟವನ್ನೂ ಮಾಡದೆ ಬಸ್ಸು ಹತ್ತಿದೆ. ನಾನು ಮಾಡಿದ ಎಣ್ಣೆಗಾಯಿ ದನಕ್ಕೆ ಹೋಯಿತು. ಅದನ್ನೂ ನಾನು ಮರೆತಿಲ್ಲ.

ಸುಳ್ಳಿ ಎನ್ನಿಸಿಕೊಂಡರೆ ಯಾರಿಗಾದರೂ ಉರಿಯುತ್ತದೆ, ಒಪ್ಪಿದೆ. ಆದರೆ ಒಂದು ಸಲ ಉರಿದು ಆರಬೇಕು. ಒಂದು ತಿಂಗಳು ಹೊಗೆ ಹಾಕುವುದು ಯಾವ ದೊಡ್ಡಸ್ತಿಕೆ? ಅವರೂ ಕಡಿಮೆಯವರಲ್ಲ. ಹಲಗೆಯ ಮೇಲೆ ಚಾದರ ಹೊದಿಸಿದ್ದಾರೆ. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದು ತಮ್ಮದಲ್ಲ ಎನ್ನುವ ಹಾಗೆ ಕೂರುತ್ತಾರೆ. ಬೆರಳು ಮತ್ತೆ ಮಡಚಿಕೊಳ್ಳುತ್ತಿವೆ. ಮೊನ್ನೆಯಿಂದ ರೊಟ್ಟಿಯನ್ನು ನಾನೇ ಮುರಿದು ಕೊಡುತ್ತಿದ್ದೇನೆ. ಆಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನಿಮ್ಮಪ್ಪ ಭೀಮೇಶ ಬರುವ ಸೋಮವಾರ ಆ ಹಲಗೆ ಬಿಚ್ಚಿ ದನದ ಕೊಟ್ಟಿಗೆಗೆ ಮರೆ ಮಾಡುತ್ತಾನಂತೆ. ಕೇಳಿದರೆ ಇವರು "ಒಯ್ಯಿ" ಎಂದರು. ಮೂಡಲಗಿ, ಗೋಕಾಕ ಎಂದು ಬರೆದ ಹಲಗೆಗೆ ಎಮ್ಮೆ ಮೈ ತಿಕ್ಕುವುದನ್ನು ನೋಡುವ ಆಸೆ ನಿನಗಿದ್ದರೆ ಅಲ್ಲೇ ಇರು.

ಇನ್ನೇನು ಬರೆಯಲಿ. ಕೈ ನೋಯುತ್ತಿದೆ, ಸಿಟ್ಟು ಮಾತ್ರ ಇಳಿದಿಲ್ಲ. ದೇವರು ನಿನಗೆ ಆಯುಷ್ಯ ಕೊಡಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಆಯಿ,
ಮುದಕವ್ವ

ತಾ.ಕ.: ಉದ್ದಪ್ಪ ಹೊರಗೆ ನಿಂತು ಅವಸರ ಮಾಡುತ್ತಿದ್ದಾನೆ. ಬರೆದದ್ದನ್ನು ನಿಮ್ಮ ಅಜ್ಜನಿಗೆ ಓದಿ ಹೇಳುತ್ತಿದ್ದೆ. ನಾಲ್ಕು ಸುತ್ತು ಮುಂದೆ ಎಂದಲ್ಲಿಗೆ ಬಂದಾಗ ಕಾಗದ ಕೆಳಗಿಟ್ಟೆ. ಹಿತ್ತಾಳೆಯ ಬಟ್ಟಲಿಗೆ ನಾನು ಹನ್ನೊಂದು ಬೀಜ ಹೆಚ್ಚಿಗೆ ಹಾಕಿದ್ದೆ. ಆ ಕೈ ನಡುಗುವುದನ್ನು ನೋಡುತ್ತ ಕೂರಲಾಗಲಿಲ್ಲ. ನೀನು ಖರೇನೇ ಓಡಿಸಿದ್ದೆ, ಏಳು ಸುತ್ತಿನಿಂದ ಗೆದ್ದಿದ್ದೆ. ಅದನ್ನು ಅವರಿಗೂ ಹೇಳಿಬಿಟ್ಟೆ. "ಹಂಗಾರ ಹುಡುಗಿ ನನ್ನ ಸೋಲಿಸಿದ್ಲು?" ಎಂದರು. ಎದ್ದು ಹೋಗಿ ಚಾದರ ತೆಗೆದರು, ಬಲಗೈಯಿಂದಲೇ, ಮೂರು ಸಲ ಜಾರಿತು. ನಾಡಿದ್ದು ಮೊದಲನೇ ಬಸ್ಸಿಗೆ ಬಾ. ಬೀಜ ಎಣಿಸಲು ಹಣಮವ್ವನನ್ನು ಕರೆದಿದ್ದಾರೆ. ನಾನು ಆ ಕೋಣೆಯ ಹೊಸ್ತಿಲು ದಾಟುವಂತಿಲ್ಲವಂತೆ.